ನೋಡಿಕೊಂಡವರ ಪಾಲು

ತಿಥಿಯ ಊಟ ಮುಗಿದು, ದೂರದ ನೆಂಟರೆಲ್ಲ ಬಸ್ಸು ಹತ್ತಿ, ಮನೆಯವರಷ್ಟೇ ಉಳಿದ ಸಂಜೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಒಂದು ಮಾತು ಏಳುತ್ತದೆ. "ಆರು ವರ್ಷ ಅಮ್ಮನ್ನ ನೋಡ್ಕೊಂಡಿದೀನಿ. ಅದಕ್ಕೇನೂ ಇಲ್ವಾ?" ಕೇಳುವವಳು ಕಿರಿಯ ಸೊಸೆಯಾಗಿರಬಹುದು, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳಾಗಿರಬಹುದು, ಊರಲ್ಲೇ ಉಳಿದ ಮಗನಾಗಿರಬಹುದು. ಉತ್ತರ ಮಾತ್ರ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ: "ಹೆತ್ತ ತಾಯಿನ ನೋಡ್ಕೊಂಡಿದ್ದಕ್ಕೆ ಕೂಲಿ ಕೇಳ್ತೀಯಾ?"

ಈ ಮಾತಿಗೆ ಎದುರು ಮಾತಿಲ್ಲ. ಕೇಳಿದವರು ತಲೆ ತಗ್ಗಿಸುತ್ತಾರೆ. ಮಾರನೆಯ ದಿನ ಪಾಲಿನ ಮಾತು ಬಂದಾಗ ಹೊಲ, ತೋಟ, ಮನೆ, ಒಡವೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆರು ವರ್ಷದ ರಾತ್ರಿಗಳು ಲೆಕ್ಕಕ್ಕೆ ಬರುವುದಿಲ್ಲ. ಇದರಲ್ಲಿ ಏನೋ ತಪ್ಪಿದೆ ಎಂದು ಕೂತ ಎಲ್ಲರಿಗೂ ಒಳಗೊಳಗೇ ಗೊತ್ತಿರುತ್ತದೆ. ಆದರೆ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ಸುಲಭವಲ್ಲ. ತಾಯಿಯ ಸೇವೆಗೆ ದುಡ್ಡು ಕೇಳುವುದು ಹೀನ ಎನ್ನುವುದೂ ನಮಗೆ ನಿಜವೆನಿಸುತ್ತದೆ. ಒಬ್ಬಳೇ ಎಲ್ಲವನ್ನೂ ಹೊತ್ತು ಬರಿಗೈಯಲ್ಲಿ ಎದ್ದು ಹೋಗುವುದು ಅನ್ಯಾಯ ಎನ್ನುವುದೂ ನಿಜವೆನಿಸುತ್ತದೆ. ಎರಡೂ ನಿಜವಾಗಿರಲು ಹೇಗೆ ಸಾಧ್ಯ ಎಂಬುದನ್ನೇ ನಾನಿಲ್ಲಿ ಯೋಚಿಸಲು ಹೊರಟಿರುವುದು.

ಕಡೂರು ತಾಲ್ಲೂಕಿನ ದೇವನೂರು ಈ ಯೋಚನೆಗೆ ಒದಗಿ ಬರುವ ಊರು. ಲಕ್ಷ್ಮೀಕಾಂತನ ಗುಡಿ ಇರುವ ಈ ಊರಿನವನೇ ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶ ಎಂದು ಈ ಭಾಗದ ಜನ ನಂಬಿಕೊಂಡು ಬಂದಿದ್ದಾರೆ. ಆ ಕಾವ್ಯದ ಚಂದ್ರಹಾಸನ ಕಥೆ ಓದುಬರಹ ಇಲ್ಲದವರಿಗೂ ಗೊತ್ತು. ವಿಷವನ್ನು ಕೊಡು ಎಂದು ಬರೆದ ಓಲೆಯನ್ನು ವಿಷಯೆ ಎಂಬ ಹುಡುಗಿ ತಿದ್ದಿದ ಭಾಗ ಬಂದರೆ ಕೇಳುವವರು ಮುಂದಕ್ಕೆ ಬಾಗಿ ಕೂರುತ್ತಾರೆ. ಅದಕ್ಕೂ ಮೊದಲು, ಕಥೆ ಶುರುವಾಗುವಲ್ಲೇ ಒಬ್ಬ ಹೆಂಗಸಿದ್ದಾಳೆ. ಕೇರಳದ ರಾಜ ಯುದ್ಧದಲ್ಲಿ ಸತ್ತು, ರಾಣಿ ಬೆಂಕಿಗೆ ಬಿದ್ದ ಮೇಲೆ ಹಸುಗೂಸನ್ನು ಎತ್ತಿಕೊಂಡು ಕುಂತಳ ನಗರಕ್ಕೆ ಓಡಿಬಂದ ದಾದಿ. ದುಡಿದು ಮಗುವನ್ನು ಸಾಕಿದಳು. ಕೆಲವೇ ವರ್ಷಕ್ಕೆ ತಾನೂ ತೀರಿಹೋದಳು. ಆಮೇಲೆ ಊರಿನ ಹೆಂಗಸರು ಆ ತಬ್ಬಲಿಗೆ ಅನ್ನ ಹಾಕಿದರು. ಕಾಡಿನಲ್ಲಿ ಕೊಲೆಗಡುಕರಿಂದ ಉಳಿದವನನ್ನು ಕುಳಿಂದನೆಂಬವನು ಎತ್ತಿ ತಂದು ಮಗನನ್ನಾಗಿ ಮಾಡಿಕೊಂಡ.

ಚಂದ್ರಹಾಸ ಬೆಳೆದು ರಾಜನಾದ. ಕುಳಿಂದನಿಗೆ ತಕ್ಕ ಮಗ ಸಿಕ್ಕಿದ, ಮುಪ್ಪಿಗೆ ಆಸರೆ ಸಿಕ್ಕಿತು. ದಾದಿಗೆ ಏನೂ ಸಿಗಲಿಲ್ಲ. ಅವಳು ಕೇಳಿದವಳೂ ಅಲ್ಲ, ಕೇಳುವುದಕ್ಕೆ ಬದುಕಿ ಉಳಿದವಳೂ ಅಲ್ಲ. ಆದರೂ ಅವಳಿಲ್ಲದಿದ್ದರೆ ಕಥೆಯೇ ಇಲ್ಲ. ಈ ಕಥೆಯನ್ನು ನಾವು ಶತಮಾನಗಳಿಂದ ಕೇಳುತ್ತ ಬಂದಿದ್ದೇವೆ. ದಾದಿಯ ಋಣ ಯಾರ ಮೇಲಿತ್ತು ಎಂದು ಕೇಳಿದವರು ಕಡಿಮೆ. ಆ ಮಗುವಿನ ಮೇಲಂತೂ ಇರಲಿಲ್ಲ. ಮೂರು ವರ್ಷದ ಕೂಸು ಯಾರ ಸಾಲವನ್ನೂ ಮಾಡಿರುವುದಿಲ್ಲ. ಯಾರು ನೋಡಿಕೊಳ್ಳಬೇಕಿತ್ತೋ, ಯಾರ ಹೊಣೆಯನ್ನು ಅವಳು ತನ್ನದಲ್ಲದಿದ್ದರೂ ಹೊತ್ತಳೋ, ಋಣ ಅವರ ಮೇಲಿತ್ತು. ಈ ಒಂದು ವ್ಯತ್ಯಾಸ ನನಗೆ ಮುಖ್ಯವಾಗಿ ಕಾಣುತ್ತದೆ. ನೋಡಿಕೊಂಡಿದ್ದಕ್ಕೆ ಪ್ರತಿಫಲ ಕೇಳಬಹುದೇ ಎಂಬ ಪ್ರಶ್ನೆಗಿಂತ, ಕೇಳುವುದು ಯಾರನ್ನು ಎಂಬ ಪ್ರಶ್ನೆ ಮೊದಲು ಬರಬೇಕು.

ಅದಕ್ಕೆ ಮುಂಚೆ, ಕೆಲಸ ಎಂಥದ್ದು ಎಂದು ಮುಖ ತಿರುಗಿಸದೆ ನೋಡೋಣ. ಲಕ್ವ ಹೊಡೆದು ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲವಾದರೆ ಬೆನ್ನು ಸೊಂಟಗಳಲ್ಲಿ ಹುಣ್ಣಾಗುತ್ತದೆ. ರಾತ್ರಿಯೂ ಬದಲಿಸಬೇಕು. ಅನ್ನವನ್ನು ಕಿವುಚಿ, ನೆತ್ತಿಗೆ ಹತ್ತದಂತೆ ತಲೆ ಎತ್ತಿ ಹಿಡಿದು ತಿನ್ನಿಸಬೇಕು. ಮೈ ಒರೆಸಬೇಕು, ಬಟ್ಟೆ ಒಗೆಯಬೇಕು, ಮಾತ್ರೆಯ ಹೊತ್ತು ನೆನಪಿಡಬೇಕು. ಮರೆವಿನ ಕಾಯಿಲೆಯವರಾದರೆ ಬಾಗಿಲು ಕಾಯಬೇಕು. ಹೆತ್ತ ಮಗಳನ್ನೇ "ನೀನ್ಯಾರವ್ವ" ಎಂದು ಕೇಳಿದಾಗ ಅಳು ನುಂಗಿ ಉತ್ತರ ಹೇಳಬೇಕು. ಹಳ್ಳಿಯ ಹೆಂಗಸರು ಇದನ್ನೆಲ್ಲ ಒಂದೇ ಮಾತಲ್ಲಿ ಹೇಳುತ್ತಾರೆ: "ಅವರ ಹೇಲು ಉಚ್ಚೆ ಬಳಿದೋಳು ನಾನು." ಸಭ್ಯರಿಗೆ ಒರಟೆನಿಸುವ ಮಾತು. ಆದರೆ ಇದಕ್ಕಿಂತ ಪ್ರಾಮಾಣಿಕವಾದ ವರದಿ ಇನ್ನೊಂದಿಲ್ಲ.

ಇಂಥ ಕೆಲಸ ಮಾಡುವವರು ಮದುವೆ ಮುಂಜಿಗೆ ಹೋಗುವುದು ನಿಲ್ಲುತ್ತದೆ. ಕೂಲಿಗೆ ಹೋಗುವುದು ನಿಲ್ಲುತ್ತದೆ. ಗಾರ್ಮೆಂಟ್ಸ್ ಕೆಲಸವನ್ನೋ ಶಾಲೆಯ ತಾತ್ಕಾಲಿಕ ನೌಕರಿಯನ್ನೋ ಬಿಟ್ಟು ಬಂದವರಿಗೆ ಅದು ಮತ್ತೆ ಸಿಗುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 134 ನಿಮಿಷ ಕೊಡುತ್ತಿದ್ದರು, ಗಂಡಸರು 76 ನಿಮಿಷ. ಅಡಿಗೆ, ಒಗೆತ, ಕಸಮುಸುರೆ ಇದಕ್ಕೆ ಸೇರಿಲ್ಲ. ಅದರ ಲೆಕ್ಕ ಬೇರೆ, ಅಲ್ಲಿ ಹೆಂಗಸರದ್ದು 299 ನಿಮಿಷ, ಗಂಡಸರದ್ದು 97. ಇವೆಲ್ಲ ಎಲ್ಲ ಬಗೆಯ ಮನೆಗಳನ್ನೂ ಸೇರಿಸಿದ ಸರಾಸರಿ. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ನಿಮಿಷಗಳನ್ನು ಎಣಿಸುವಂತಿಲ್ಲ, ಅಲ್ಲಿ ಇಡೀ ದಿನವೇ ಕೆಲಸ. ಹಣದಲ್ಲಿ ನೋಡಬೇಕೆಂದರೆ, 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಕೆರೆಯ ಹೂಳು ಎತ್ತುವುದಕ್ಕೆ ಸರ್ಕಾರ ಕಟ್ಟಿದ ಆ ಬೆಲೆಯನ್ನೇ ಹಿಡಿದರೂ ಒಂದು ವರ್ಷದ ಸೇವೆಗೆ 1,35,050 ರೂಪಾಯಿ ಆಗುತ್ತದೆ. ಆರು ವರ್ಷಕ್ಕೆ ಎಂಟು ಲಕ್ಷ ದಾಟುತ್ತದೆ. ರಾತ್ರಿಪಾಳಿಗೆ ಬೇರೆ ಕೂಲಿ ಎಂದು ಸೇರಿಸದೆಯೇ ಇಷ್ಟು.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ಕಾಣದವರಲ್ಲ. ಹಳೆಯ ಮೈಸೂರು ಸೀಮೆಯ ಪಾಲುಪಟ್ಟಿಗಳಲ್ಲಿ ಒಂದು ರೂಢಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಮಕ್ಕಳು ಬೇರೆಯಾಗುವಾಗ ಆಸ್ತಿಯನ್ನೆಲ್ಲ ಹಂಚಿ ಮುಗಿಸುವುದಿಲ್ಲ. ಅಪ್ಪ ಅಮ್ಮನ ಜೀವನಕ್ಕೆಂದು ಒಂದಿಷ್ಟು ಹೊಲವನ್ನೋ ನಾಲ್ಕು ಸಾಲು ತೆಂಗನ್ನೋ ತೆಗೆದಿಡುತ್ತಾರೆ. ಅವರಿರುವ ತನಕ ಅದರ ಫಸಲು ಅವರದ್ದು. ಕೊನೆತನಕ ಯಾರು ನೋಡಿಕೊಂಡು, ಬಾಯಿಗೆ ನೀರು ಬಿಟ್ಟು, ಕರ್ಮ ಮಾಡುತ್ತಾರೋ ಆ ಭಾಗ ಅವರಿಗೆ. ಪಂಚಾಯ್ತಿಯಲ್ಲಿ ಕೂತ ಹಿರಿಯರು ಇದನ್ನು ಮೊದಲೇ ಎಲ್ಲರ ಎದುರು ಹೇಳಿ ಒಪ್ಪಿಸುತ್ತಿದ್ದರು.

ಈ ಏರ್ಪಾಡನ್ನು ನಿಧಾನವಾಗಿ ನೋಡಿದಷ್ಟೂ ಅದರ ವಿವೇಕ ತಿಳಿಯುತ್ತದೆ. ಮೊದಲನೆಯದಾಗಿ, ಮುದುಕರ ಕೈ ಬರಿದಾಗಲಿಲ್ಲ. ಅವರು ಯಾರ ಮನೆಯ ಜಗಲಿಯಲ್ಲೂ ಬೇಡುವವರಾಗಿ ಕೂರಬೇಕಿರಲಿಲ್ಲ. ನೋಡಿಕೊಳ್ಳುವವರು ಕೂಲಿ ಎತ್ತಿದಂತೆಯೂ ಆಗಲಿಲ್ಲ, ಬರಿಗೈಯಲ್ಲೂ ಉಳಿಯಲಿಲ್ಲ. ಎಲ್ಲಕ್ಕಿಂತ ದೊಡ್ಡದು, ಉಳಿದ ಮಕ್ಕಳು ತಮ್ಮ ಪಾಲಿನ ಸೇವೆಯನ್ನು ಮಾಡದಿದ್ದರೆ ಅದಕ್ಕೆ ತಮ್ಮ ಪಾಲಿನ ನೆಲವನ್ನು ಬಿಟ್ಟುಕೊಟ್ಟಂತಾಯಿತು. ಹೊಣೆ ಮತ್ತು ಹಕ್ಕು ಒಂದೇ ಕಾಗದದ ಮೇಲೆ ಬಂದವು. ತಾಯಿ ಮಗಳಿಗೆ ಸಂಬಳ ಕೊಡಲಿಲ್ಲ; ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಲೆಕ್ಕ ಚುಕ್ತಾ ಮಾಡಿಕೊಂಡರು.

ಆದರೆ ನಮ್ಮ ಶಾಸ್ತ್ರದ ಬರಹ ಹಿಡಿದ ದಾರಿ ಬೇರೆ. ಹಿಂದೂಗಳ ಆಸ್ತಿ ಹಂಚಿಕೆಗೆ ದೇಶದ ಬಹುಭಾಗದಲ್ಲಿ ಆಧಾರವಾದ ಮಿತಾಕ್ಷರಾ ಬರೆಯಲ್ಪಟ್ಟದ್ದು ಕನ್ನಡ ನೆಲದಲ್ಲೇ, ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ವಿಜ್ಞಾನೇಶ್ವರನಿಂದ. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂಬುದು ಅದರ ತಿರುಳು. ಹುಟ್ಟಿನಿಂದ ಬಂದದ್ದನ್ನು ನಡತೆ ಹೆಚ್ಚಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. ಹತ್ತು ವರ್ಷ ಊರ ಕಡೆ ತಲೆ ಹಾಕದ ಮಗನಿಗೂ ಹತ್ತು ವರ್ಷ ಹಾಸಿಗೆ ಪಕ್ಕ ಕೂತ ಮಗನಿಗೂ ಸರಿಪಾಲು. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ, 2005ರ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೆ ಆ ಪಾಲನ್ನು ವಿಸ್ತರಿಸಿದವು. ಅದು ಆಗಲೇಬೇಕಿದ್ದ ನ್ಯಾಯ. ಆದರೆ ಅಲ್ಲಿಯೂ ಹಕ್ಕು ಹುಟ್ಟಿನದ್ದೇ.

ಹುಟ್ಟಿನ ಹಕ್ಕಿಲ್ಲದ ಒಬ್ಬಳು ಪ್ರತಿ ಮನೆಯಲ್ಲೂ ಇದ್ದಾಳೆ. ಸೊಸೆ. ನಮ್ಮಲ್ಲಿ ಅತ್ತೆಮಾವನ ಹಾಸಿಗೆಯ ಪಕ್ಕದಲ್ಲಿ ನಿಜವಾಗಿ ಕೂರುವವಳು ಹೆಚ್ಚಾಗಿ ಅವಳೇ. ಮಗ ನೋಡಿಕೊಂಡ ಎಂದು ಊರು ಹೊಗಳುವಾಗ ಅದರಲ್ಲಿ ಬಹುಪಾಲು ಅವನ ಹೆಂಡತಿ ಮಾಡಿದ್ದು. ಗಂಡ ಬದುಕಿರುವಾಗ ಅತ್ತೆಮಾವನ ಆಸ್ತಿಗೆ ಅವಳು ವಾರಸುದಾರಳಲ್ಲ. ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆಗೆಂದೇ ಬಂದ 2007ರ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು, ಸೊಸೆಯ ಹೆಸರಿಲ್ಲ. 2019ರಲ್ಲಿ ಅವಳನ್ನೂ ಅಳಿಯನನ್ನೂ ಹೊಣೆಗಾರರ ಪಟ್ಟಿಗೆ ಸೇರಿಸುವ ಮಸೂದೆ ಸಂಸತ್ತಿಗೆ ಬಂತು, ಕಾಯ್ದೆಯಾಗಲಿಲ್ಲ. ಗಮನಿಸಬೇಕಾದ್ದು ಇದು: ಸೊಸೆಯನ್ನು ನೆನೆದಾಗಲೂ ಸಂಸತ್ತಿಗೆ ಹೊಳೆದದ್ದು ಅವಳ ಮೇಲೆ ಹೊಣೆ ಹೊರಿಸುವುದು. ಹೊತ್ತದ್ದಕ್ಕೆ ಏನು ಸಲ್ಲಬೇಕು ಎಂಬುದು ಯಾರ ಕಡತದಲ್ಲೂ ಇರಲಿಲ್ಲ.

ಹಾಗಾದರೆ ಕಾನೂನು ನೋಡಿಕೊಂಡವರಿಗೆ ಏನನ್ನೂ ಕೊಡುವುದಿಲ್ಲವೇ? ಸ್ವಲ್ಪ ಕೊಡುತ್ತದೆ, ಸುತ್ತುಬಳಸಿ. 1872ರ ಕರಾರು ಕಾಯ್ದೆಯ 70ನೇ ಕಲಮಿನ ಪ್ರಕಾರ, ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರಿಗಾಗಿ ಮಾಡಿದ ಕೆಲಸದ ಲಾಭವನ್ನು ಅವರು ಪಡೆದರೆ ಪರಿಹಾರ ಕೊಡಬೇಕು. ಆದರೆ ಮನೆಯವರು ಮನೆಯವರಿಗೆ ಮಾಡಿದ್ದನ್ನು ಪುಕ್ಕಟೆ ಎಂದೇ ಲೋಕ ಎಣಿಸುತ್ತದೆ, ಹಾಗಲ್ಲ ಎಂದು ತೋರಿಸುವ ಭಾರ ಕೇಳಿದವರ ಮೇಲೆ. ಅದೇ ಕಾಯ್ದೆಯ 25ನೇ ಕಲಮು ಇನ್ನಷ್ಟು ಹತ್ತಿರ ಬರುತ್ತದೆ: ತನಗಾಗಿ ಯಾರೋ ತಾವಾಗಿಯೇ ಮಾಡಿದ ಉಪಕಾರಕ್ಕೆ ಪ್ರತಿಫಲ ಕೊಡುತ್ತೇನೆ ಎಂದು ಆಮೇಲೆ ಕೊಟ್ಟ ಮಾತೂ ಊರ್ಜಿತ. ಮುದುಕಪ್ಪ ಮಗಳ ಕೈ ಹಿಡಿದು "ನಿಂಗೆ ಇಷ್ಟು ಕೊಡ್ತೀನಿ ಕಣವ್ವ" ಎಂದರೆ ಅದು ಬರಿ ಮಾತಲ್ಲ. ಬರವಣಿಗೆ ಇಲ್ಲದಿದ್ದರೆ ಸಾಬೀತು ಮಾಡುವುದು ಕಷ್ಟ, ಅಷ್ಟೆ.

ಬರವಣಿಗೆ ಬಂದರೆ ಅಲ್ಲಿ ಅನುಮಾನವೂ ಬರುತ್ತದೆ. ವಿಲ್ಲಿನ ವಿಚಾರದಲ್ಲಿ ಇಂದಿಗೂ ದೇಶದ ಕೋರ್ಟುಗಳು ಎತ್ತಿ ಹೇಳುವ 1958ರ ಸುಪ್ರೀಂ ಕೋರ್ಟ್ ತೀರ್ಪು ಮೈಸೂರು ರಾಜ್ಯದಿಂದ ಹೋದ ಮೊಕದ್ದಮೆಯದ್ದು, ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ನಡುವಿನದು. ವಿಲ್ಲಿನಿಂದ ಲಾಭ ಪಡೆಯುವವನೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದರೆ ಅನುಮಾನ ಹುಟ್ಟುತ್ತದೆ, ಅದನ್ನು ನಿವಾರಿಸುವ ಹೊಣೆ ಅವನದೇ ಎಂದು ಅದು ಹೇಳಿತು. ಸರಿಯಾದ ಮಾತು. ಆದರೆ ನೋಡಿಕೊಂಡವರ ಕಷ್ಟ ಇಲ್ಲೇ ಇದೆ. ಎದ್ದು ಓಡಾಡಲಾಗದ ತಾಯಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವವರು ಯಾರು? ಹತ್ತಿರ ಇರುವವರೇ. ಹತ್ತಿರ ಇದ್ದದ್ದೇ ಸೇವೆಗೂ ಕಾರಣ, ಅನುಮಾನಕ್ಕೂ ಕಾರಣ.

2007ರ ಕಾಯ್ದೆ ತಂದೆತಾಯಿಯ ಕಡೆಯಿಂದ ನೋಡುತ್ತದೆ. ಅವರಿಗೆ ಜೀವನಾಂಶ ಕೇಳುವ ಹಕ್ಕಿದೆ, ತಿಂಗಳಿಗೆ 10,000 ರೂಪಾಯಿ ಮೀರದಂತೆ. ಅರ್ಜಿ ಕೇಳುವ ನ್ಯಾಯಮಂಡಳಿ ಉಪವಿಭಾಗಾಧಿಕಾರಿಯದು. ಕಡೂರಿನವರು ತರೀಕೆರೆಗೆ ಹೋಗಬೇಕು. ವಕೀಲರನ್ನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಕಾಯ್ದೆಯೇ ಬರೆದಿದೆ. ಮಕ್ಕಳಿಲ್ಲದ ಹಿರಿಯರಾದರೆ, ಅವರ ಆಸ್ತಿಗೆ ವಾರಸಾಗಲಿರುವ ನೆಂಟರೇ ತಮಗೆ ಬರುವ ಪಾಲಿನ ಪ್ರಮಾಣದಲ್ಲಿ ನೋಡಿಕೊಳ್ಳಬೇಕು. ಈ ಕಲಮಿನಲ್ಲಿ ನಮ್ಮ ಹಳೆಯ ಪಾಲುಪಟ್ಟಿಯ ತರ್ಕ ಮತ್ತೆ ತಲೆ ಎತ್ತಿದೆ: ಎಷ್ಟು ಪಡೆಯುತ್ತೀಯೋ ಅಷ್ಟು ಹೊರು. ಇನ್ನೊಂದು ಕಲಮು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಒಬ್ಬ ಮಗನ ಮೇಲೆ ಅರ್ಜಿ ಬಿದ್ದರೆ, ತನ್ನಷ್ಟೇ ಹೊಣೆ ಇರುವ ಅಣ್ಣತಮ್ಮ ಅಕ್ಕತಂಗಿಯರನ್ನೂ ಅದರಲ್ಲಿ ಪಕ್ಷಗಾರರನ್ನಾಗಿ ಸೇರಿಸಲು ಅವನಿಗೆ ಅವಕಾಶವಿದೆ. ಹಾಗಿದ್ದೂ ಪೋಷಣೆ ಎಂದರೆ ಆ ಕಾಯ್ದೆಯಲ್ಲಿ ಊಟ, ಬಟ್ಟೆ, ವಸತಿ, ವೈದ್ಯೋಪಚಾರ. ಮಗ್ಗುಲು ಬದಲಿಸಿದ ಕೈಗೆ ಅಲ್ಲಿ ಬೆಲೆ ಇಲ್ಲ.

ಇಲ್ಲೊಂದು ವಿಷಯ ನನ್ನನ್ನು ಬಹಳ ಕಾಡಿದೆ. ಮನೆಯೊಳಗೆ ಬೆಲೆ ಕಟ್ಟಲಾಗದ್ದು ಎನ್ನುವ ಇದೇ ಕೆಲಸಕ್ಕೆ, ಹೊರಗಿನವರು ದುಡ್ಡು ಕೊಡಬೇಕಾಗಿ ಬಂದಾಗ ನಮ್ಮ ನ್ಯಾಯಾಲಯಗಳು ರೂಪಾಯಿ ಪೈಸೆ ಸಮೇತ ಬೆಲೆ ಕಟ್ಟಿವೆ. 1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದಲ್ಲಿ ನಡೆದ ಬೆಂಕಿ ದುರಂತದ ಮೊಕದ್ದಮೆಯಲ್ಲಿ, ಲತಾ ವಾಧ್ವಾ ಪ್ರಕರಣ ಎಂದು ಹೆಸರಾದ 2001ರ ತೀರ್ಪಿನಲ್ಲಿ, ತೀರಿಹೋದ ಗೃಹಿಣಿಯರ ಮನೆಗೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಎಂದು ಸುಪ್ರೀಂ ಕೋರ್ಟ್ ಹಿಡಿಯಿತು. ಕರ್ನಾಟಕದ ಮಲ್ಲಿಕಾರ್ಜುನ ಎಂಬ ಬಾಲಕನ ಅಪಘಾತದ ಪ್ರಕರಣದಲ್ಲಿ, 2013ರಲ್ಲಿ, ಆಸ್ಪತ್ರೆಯಲ್ಲಿ ಮಗುವಿನ ಜೊತೆಗಿದ್ದ ತಂದೆತಾಯಿಯ ತೊಂದರೆಗೂ ಕಳೆದುಕೊಂಡ ದುಡಿಮೆಗೂ ಎಂದು 25,000 ರೂಪಾಯಿಯನ್ನು ಪ್ರತ್ಯೇಕವಾಗಿ ಕೊಡಿಸಿತು. 2020ರ ಕಾಜಲ್ ಪ್ರಕರಣವಂತೂ ಕಣ್ಣು ತೆರೆಸುವಂಥದ್ದು. 12 ವರ್ಷದ ಹುಡುಗಿ ಅಪಘಾತದಲ್ಲಿ ಜೀವನವಿಡೀ ಇನ್ನೊಬ್ಬರ ಆಸರೆಯಲ್ಲೇ ಇರಬೇಕಾದ ಸ್ಥಿತಿಗೆ ಬಂದಿದ್ದಳು. ಅವಳನ್ನು ನೋಡಿಕೊಳ್ಳಲು ಇಬ್ಬರು ಬೇಕು, ಒಬ್ಬರಿಗೆ ತಿಂಗಳಿಗೆ 5,000 ಎಂದು ಲೆಕ್ಕ ಹಾಕಿ, ಅದೊಂದಕ್ಕೇ 21,60,000 ರೂಪಾಯಿಯನ್ನು ಕೋರ್ಟು ನಿಗದಿ ಮಾಡಿತು.

ಅದೇ ಕೈಗಳು, ಅದೇ ಮಗ್ಗುಲು ಬದಲಿಸುವುದು. ವಿಮಾ ಕಂಪನಿ ಕೊಡಬೇಕಾದಾಗ ಲಕ್ಷಗಳ ಲೆಕ್ಕ. ಒಡಹುಟ್ಟಿದವರು ಕೊಡಬೇಕಾದಾಗ "ಕೂಲಿ ಕೇಳ್ತೀಯಾ" ಎಂಬ ಅವಮಾನ. ಇದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ ಎಂಬ ವಾದ ಇಲ್ಲಿಗೆ ಮುಗಿಯಿತು ಎಂದೇ ನನ್ನ ಅಭಿಪ್ರಾಯ. ಕಟ್ಟಲು ಬರುತ್ತದೆ, ಕಟ್ಟಿದ್ದೇವೆ.

ಬೇರೆ ದೇಶಗಳವರು ಇದನ್ನು ಮನೆಯೊಳಗೂ ತಂದಿದ್ದಾರೆ. 1994ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ಗಾಯಗೊಂಡವರಿಗೆ ಆರೈಕೆಯ ಬಾಬತ್ತು ಬಂದ ಪರಿಹಾರ ಅವರ ಸ್ವಂತದ್ದಲ್ಲ, ಪುಕ್ಕಟೆಯಾಗಿ ನೋಡಿಕೊಂಡ ನೆಂಟರ ಪರವಾಗಿ ಅವರ ಕೈಯಲ್ಲಿರುವ ಹಣ ಎಂದು ತೀರ್ಪು ಕೊಟ್ಟಿತು. ಜರ್ಮನಿಯಲ್ಲಿ 1995ರಿಂದ ಆರೈಕೆ ವಿಮೆ ಎಂಬುದೇ ಇದೆ. ಹೊರಗಿನ ನರ್ಸನ್ನು ಇಟ್ಟುಕೊಳ್ಳದೆ ಮನೆಯವರೇ ನೋಡಿಕೊಂಡರೆ ಅದರಿಂದ ತಿಂಗಳು ತಿಂಗಳು ಹಣ ಬರುತ್ತದೆ. ತಂದೆತಾಯಿಯನ್ನು ಬಹುಕಾಲ ನೋಡಿಕೊಂಡ ಮಗನೋ ಮಗಳೋ ಪಾಲಿನ ಹೊತ್ತಿಗೆ ಒಡಹುಟ್ಟಿದವರಿಗಿಂತ ಹೆಚ್ಚು ಕೇಳಬಹುದು ಎಂದು ಅಲ್ಲಿಯ ವಾರಸು ಕಾನೂನಿನಲ್ಲಿದೆ. ಬಯಲುಸೀಮೆಯ ಪಂಚಾಯ್ತಿಯವರು ನಾಲ್ಕು ಸಾಲು ತೆಂಗನ್ನು ತೆಗೆದಿಟ್ಟು ಹೇಳಿದ್ದನ್ನೇ ಅವರು ಕಾಯ್ದೆಯಲ್ಲಿ ಬರೆದುಕೊಂಡಿದ್ದಾರೆ. ನಾವು ರೂಢಿಯನ್ನೂ ಕೈಬಿಡುತ್ತಿದ್ದೇವೆ, ಕಾಯ್ದೆಯನ್ನೂ ಮಾಡಿಕೊಂಡಿಲ್ಲ.

ರೂಢಿ ಸಡಿಲಾಗಲು ಕಾರಣಗಳಿವೆ. ಹಿಡುವಳಿಗಳು ತುಂಡಾಗಿ, ತೆಗೆದಿಡುವಷ್ಟು ನೆಲವೇ ಉಳಿದಿಲ್ಲ. ಕಡೂರು ಬೀರೂರುಗಳಲ್ಲಿ ರೈಲು ಹತ್ತಿದ ಮಕ್ಕಳು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನೆಲೆ ನಿಂತಿದ್ದಾರೆ. ಅವರಲ್ಲಿ ಬಹಳ ಜನ ಕೆಟ್ಟವರಲ್ಲ. ಫೋನು ಮಾಡುತ್ತಾರೆ, ಔಷಧಿಗೆ ಕಳಿಸುತ್ತಾರೆ, ಹಬ್ಬಕ್ಕೆ ಬಂದು ಅಮ್ಮನಿಗೆ ಸೀರೆ ಕೊಡುತ್ತಾರೆ. ಬಂದ ಎರಡು ದಿನದಲ್ಲಿ ಅಮ್ಮ ಯಾಕೆ ಇಷ್ಟು ಸೊರಗಿದ್ದಾಳೆ ಎಂದು ಕೇಳುತ್ತಾರೆ. ಆ ಪ್ರಶ್ನೆ ನೋಡಿಕೊಂಡವರ ಎದೆಗೆ ಹೇಗೆ ನಾಟುತ್ತದೆ ಎಂಬುದು ಅವರಿಗೆ ತಿಳಿಯುವುದಿಲ್ಲ.

ಅವರ ಕಡೆಯ ಮಾತನ್ನೂ ಕೇಳಬೇಕು. "ಅವನೇನು ಪುಕ್ಕಟೆ ನೋಡ್ಕೊಂಡ್ನಾ? ಅಷ್ಟು ವರ್ಷ ತೋಟದ ಫಸಲು ತಿಂದಿಲ್ವಾ? ಅಪ್ಪನ ಪೆನ್ಷನ್ ಯಾರ ಕೈಗೆ ಹೋಯ್ತು?" ನ್ಯಾಯವಾದ ಪ್ರಶ್ನೆಗಳು. ಲೆಕ್ಕ ಎಂದ ಮೇಲೆ ಎರಡು ಕಡೆಯದೂ ಬರಬೇಕು. ತೆಂಗಿನಕಾಯಿ ಎಷ್ಟು ಹೋಯಿತು, ಗೊಬ್ಬರ ಆಳು ಎಂದು ಎಷ್ಟು ಖರ್ಚಾಯಿತು, ಬಾಡಿಗೆಯಿಲ್ಲದ ಮನೆಯಲ್ಲಿ ಎಷ್ಟು ವರ್ಷ ಇದ್ದರು ಎಲ್ಲವೂ ಬರಲಿ. ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಒಂದು ದಿನ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ವಾಪಸ್ಸು ಸುರಿದು ಬರಲು ಹೇಳಿದಳು. ಕಾಯಕಕ್ಕೆ ಸಲ್ಲುವುದನ್ನು ತರುವುದರಲ್ಲಿ ಅವಳಿಗೆ ಸಂಕೋಚವಿರಲಿಲ್ಲ, ಮಿಕ್ಕದ್ದು ಮಾತ್ರ ಬೇಡವಾಗಿತ್ತು. ನೋಡಿಕೊಂಡವರ ಹಕ್ಕಿಗೂ ಇದೇ ಅಳತೆ ಸಾಕು.

ಅಳತೆ ತಪ್ಪಿದಾಗ ಆಗುವುದನ್ನೂ ನೋಡುತ್ತಿದ್ದೇವೆ. ದಾನಪತ್ರ ಬರೆಸಿಕೊಳ್ಳುವ ತನಕ ಹಾಲು ಹಣ್ಣು, ಬರೆಸಿಕೊಂಡ ಮೇಲೆ ಹಿತ್ತಲ ಕೋಣೆ. 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು, ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲೇ ಮಕ್ಕಳು ಬಿಟ್ಟುಹೋದ ವೃದ್ಧರ 150ಕ್ಕೂ ಹೆಚ್ಚು ಪ್ರಕರಣಗಳಿವೆ ಎಂದು ಹೇಳಿದರು. 2007ರ ಕಾಯ್ದೆಯ 23ನೇ ಕಲಮು ಇಂಥ ದಾನಪತ್ರವನ್ನು ರದ್ದು ಮಾಡಿಸುವ ಹಕ್ಕನ್ನು ಹಿರಿಯರಿಗೆ ಕೊಡುತ್ತದೆ. ಆದರೆ ನೋಡಿಕೊಳ್ಳಬೇಕೆಂಬ ಷರತ್ತು ಇದ್ದಿರಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ, ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಹಿರಿಯರ ಹಿತಕ್ಕೆಂದು ಬಂದ ಕಾಯ್ದೆಯನ್ನು ಉದಾರವಾಗಿ ಓದಬೇಕು ಎಂದು ತಾಯಿಯ ಪರ ನಿಂತಿತು. ಸೇವೆ ಮತ್ತು ಆಸ್ತಿಯ ನಡುವಿನ ಸಂಬಂಧವನ್ನು ಬಾಯಿಬಿಟ್ಟು ಹೇಳುವುದು ನಾಚಿಕೆ ಎಂದು ನಾವು ಸುಮ್ಮನಿದ್ದದ್ದರಿಂದ ಉಪಯೋಗವಾದದ್ದು ಮೋಸ ಮಾಡುವವರಿಗೆ. ಮೋಸಗಾರ ಮಗನೂ ಅದನ್ನು ಬರೆಯಲಿಲ್ಲ, ಒಳ್ಳೆಯ ಮಗಳೂ ಬರೆಯಲಿಲ್ಲ. ಅವನು ಗೆದ್ದ, ಅವಳು ಸೋತಳು.

ದುಡ್ಡು ಬಂದರೆ ಪ್ರೀತಿ ಹೋಗುತ್ತದೆ ಎನ್ನುವವರ ಮಾತಿನಲ್ಲೂ ಒಂದು ನಿಜವಿದೆ. ತಿಂಗಳಿಗೆ ಇಷ್ಟು ಎಂದು ಅಣ್ಣ ಕಳಿಸಲು ಶುರುಮಾಡಿದರೆ, "ದುಡ್ಡು ತಗೋತೀಯಲ್ಲ, ನೋಡ್ಕೊಳೋಕೇನು" ಎಂಬ ದರ್ಪ ಒಂದಲ್ಲ ಒಂದು ದಿನ ಬರಬಹುದು. ತಾಯಿಯೇ ತನ್ನ ಗಂಟಿನಿಂದ ಮಗಳಿಗೆ ಕೊಡಬೇಕಾದರೆ, ಕೊಡಲಾಗದ ದಿನ ಆಕೆ ಹೆದರುತ್ತಾಳೆ. ಅದಕ್ಕೇ ನಾನು ಹೇಳುವುದು, ನೋಡಿಕೊಂಡವರು ಕೇಳುವ ಹಕ್ಕು ಕಾಯಿಲೆ ಬಿದ್ದವರ ಮೇಲಿನದ್ದಲ್ಲ. ತಾಯಿಗೂ ಮಗಳಿಗೂ ನಡುವೆ ಇರುವುದು ಬೇರೆಯದೇ ಋಣ. ಹೆತ್ತು ಹೊತ್ತು ಸಾಕಿದ ಆಕೆಯ ಕಡೆಯಿಂದ ಅದು ಎಂದೋ ಸಂದಾಯವಾಗಿದೆ. ಬಾಕಿ ಇರುವುದು ಒಡಹುಟ್ಟಿದವರ ನಡುವೆ. ಮೂವರು ಹೊರಬೇಕಾದ ಭಾರವನ್ನು ಒಬ್ಬಳು ಹೊತ್ತರೆ ಮೂರರಲ್ಲಿ ಎರಡು ಪಾಲು ಅವಳಿಗೆ ಬಾಕಿ. ಅದು ಕೂಲಿಯಲ್ಲ. ಅವರ ಪರವಾಗಿ ಅವಳು ತೀರಿಸಿದ ಸಾಲ. ಒಬ್ಬನ ಬ್ಯಾಂಕಿನ ಸಾಲವನ್ನು ತಂಗಿ ಕಟ್ಟಿದರೆ ಅದನ್ನು ಹಿಂದಿರುಗಿಸುವುದು ಸಂಬಂಧಕ್ಕೆ ಕುಂದು ಎಂದು ಯಾರೂ ಹೇಳುವುದಿಲ್ಲ. ಹಿಂದಿರುಗಿಸದಿದ್ದರೆ ಕುಂದು ಎನ್ನುತ್ತಾರೆ.

ಸೊಸೆಯ ವಿಚಾರದಲ್ಲಿ ಬಾಕಿ ಇನ್ನೂ ದೊಡ್ಡದು. ಅವಳಿಗೆ ಹುಟ್ಟಿನ ಋಣವೂ ಇಲ್ಲ, ಕಾನೂನಿನ ಹೊಣೆಯೂ ಇಲ್ಲ, ವಾರಸಿನ ಪಾಲೂ ಇಲ್ಲ. ಮಾಡಿದ್ದೆಲ್ಲ ಗಂಡನ ಮತ್ತು ಅವನ ಒಡಹುಟ್ಟಿದವರ ಕರ್ತವ್ಯ. ಅವಳಿಗೆ ಸಲ್ಲಬೇಕಾದ್ದು ಅವಳ ಹೆಸರಿನಲ್ಲೇ ಇರಬೇಕು. ಗಂಡನ ಪಾಲಿಗೆ ಸೇರಿಸಿ ಕೊಟ್ಟರೆ ಅವಳಿಗೆ ಕೊಟ್ಟಂತಾಗುವುದಿಲ್ಲ.

ಸರ್ಕಾರಕ್ಕೂ ಇಲ್ಲಿ ಪಾಲಿದೆ. ಬಡವರ ಮನೆಯಲ್ಲಿ ಒಡಹುಟ್ಟಿದವರೆಲ್ಲರದ್ದೂ ಒಂದೇ ಬಡತನ. ಯಾರು ಯಾರಿಗೆ ಏನು ಕೊಡಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಆರೈಕೆದಾರರು ಎಂದರೆ ಸಂಬಳ ಪಡೆದೋ ಪಡೆಯದೆಯೋ ನೋಡಿಕೊಳ್ಳುವ ಯಾರಾದರೂ ಸರಿ, ತಂದೆತಾಯಿ ಮತ್ತು ಮನೆಯವರೂ ಸೇರಿದಂತೆ, ಎಂದು ಹೇಳಿ ಅವರ ಭತ್ಯೆಯ ಮಾತನ್ನೂ ಆಡಿದೆ. ಕರ್ನಾಟಕ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಮೊತ್ತ ಸಣ್ಣದು. ಆದರೆ ಮನೆಯವರು ಮಾಡುವ ಈ ಕೆಲಸವನ್ನು ಕೆಲಸ ಎಂದು ಖಜಾನೆ ಒಪ್ಪಿಕೊಂಡಿತು. ಲಕ್ವ ಹೊಡೆದು ಮಲಗಿದವರ, ಮರೆವಿನ ಕಾಯಿಲೆಯವರ ಮನೆಗಳಿಗೂ ಅದು ವಿಸ್ತರಿಸಬೇಕು.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ, ಒಬ್ಬರೇ ಅವರನ್ನು ನೋಡಿಕೊಳ್ಳುತ್ತಿದ್ದರೆ, ತಿಥಿಯ ಸಂಜೆಯ ತನಕ ಕಾಯಬೇಡಿ. ಬರುವ ಗೌರಿ ಹಬ್ಬಕ್ಕೋ ದೀಪಾವಳಿಗೋ ಎಲ್ಲರೂ ಸೇರಿದಾಗ, ಆ ಹಿರಿಯರನ್ನೂ ನಡುವೆ ಕೂರಿಸಿಕೊಂಡು, ಅವರ ಮಾತನ್ನು ಮೊದಲು ಕೇಳಿ. ನೋಡಿಕೊಳ್ಳುವವರಿಗೆ ವರ್ಷದಲ್ಲಿ ಇಷ್ಟು ದಿನ ಬಿಡುವು ಕೊಟ್ಟು ಬೇರೆಯವರು ಬಂದು ಇರುವುದು ಎಂದು ಗೊತ್ತುಮಾಡಿ. ಬರಲಾಗದವರು ತಿಂಗಳಿಗೆ ಎಷ್ಟು ಕೊಡುತ್ತಾರೆ, ಅಪ್ಪ ಅಮ್ಮನ ಪಾಲು ಕೊನೆಗೆ ಯಾರಿಗೆ, ಸೊಸೆ ನೋಡಿಕೊಂಡರೆ ಅವಳ ಹೆಸರಿಗೆ ಏನು ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಎಲ್ಲರೂ ರುಜು ಹಾಕಿ. ದಾನಪತ್ರ ಮಾಡುವುದಾದರೆ ಕೊನೆತನಕ ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲೇ ಬರೆಸಿ, ನೋಂದಾಯಿಸಿ. ಫಸಲಿನ ಮತ್ತು ಪೆನ್ಷನ್ನಿನ ಲೆಕ್ಕಕ್ಕೆ ಒಂದು ಪುಸ್ತಕ ಇಡಿ, ಯಾರು ಬೇಕಾದರೂ ತೆರೆದು ನೋಡುವಂತಿರಲಿ. ಬೆಂಗಳೂರಿನಿಂದ ಬಂದವರು ನೀವಾಗಿದ್ದರೆ, ಮಾತನ್ನು ನೀವೇ ಮೊದಲು ಎತ್ತಿ. ನೋಡಿಕೊಳ್ಳುತ್ತಿರುವವರು ತಾವಾಗಿ ಕೇಳುವ ಸ್ಥಿತಿಗೆ ಅವರನ್ನು ತರಬೇಡಿ.